ವಕೀಲರು ಕಟ್ಟುವ ಹಣ ಯಾವ ಬಾಬ್ತಿಗೆ ಹೋಗುತ್ತದೆ?

ಕಾನೂನು ಪದವಿ ಮುಗಿಸಿದವರು ವಕೀಲಿ ವೃತ್ತಿ ನಡೆಸುವ ಸನ್ನದು ಪಡೆಯಲು ಎಷ್ಟು ಶುಲ್ಕ ಕಟ್ಟಬೇಕು ಎಂಬುದನ್ನು 1961ರ ವಕೀಲರ ಕಾಯ್ದೆಯ 24(1)(ಎಫ್) ಕಲಮು ನಿಖರವಾಗಿ ಹೇಳುತ್ತದೆ. ಮುದ್ರಾಂಕ ಶುಲ್ಕವನ್ನು ಬಿಟ್ಟರೆ ವಕೀಲರನ್ನು ನೋಂದಾಯಿಸುವ ರಾಜ್ಯ ವಕೀಲರ ಪರಿಷತ್ತಿಗೆ 600 ರೂಪಾಯಿ, ಭಾರತೀಯ ವಕೀಲರ ಪರಿಷತ್ತಿಗೆ 150 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಇವೇ ಎರಡು ಶುಲ್ಕಗಳು ಕ್ರಮವಾಗಿ 100 ಮತ್ತು 25 ರೂಪಾಯಿ. ಹೀಗಿದ್ದರೂ ಗ್ರಂಥಾಲಯ, ಕಲ್ಯಾಣ ನಿಧಿ, ಗುರುತಿನ ಚೀಟಿ, ಪರಿಶೀಲನೆ ಮುಂತಾದ ಹೆಸರುಗಳಲ್ಲಿ ಸೇರುತ್ತಾ ಹೋದ ಮೊತ್ತವು ಬೇರೆ ಬೇರೆ ರಾಜ್ಯಗಳಲ್ಲಿ ಸುಮಾರು 15,000ದಿಂದ 42,000 ರೂಪಾಯಿಗಳವರೆಗೆ ಏರಿತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೋಂದಣಿಯ ಷರತ್ತಾಗಿ ಕಾಯ್ದೆ ಹೇಳಿದ್ದಕ್ಕಿಂತ ಹೆಚ್ಚು ಪಡೆಯುವ ಅಧಿಕಾರ ಪರಿಷತ್ತುಗಳಿಗಿಲ್ಲ ಎಂದು ತೀರ್ಪು ನೀಡಿತು. ಅಲ್ಲಿಯವರೆಗೆ ಪಡೆದಿದ್ದನ್ನು ಹಿಂದಿರುಗಿಸಬೇಕಾಗಿಲ್ಲ ಎಂದೂ ಹೇಳಿತು. ಕರ್ನಾಟಕದಲ್ಲಿ ‘ಐಚ್ಛಿಕ’ ಎಂಬ ಹೆಸರಿನಲ್ಲಿ ಹಣ ಪಡೆಯುತ್ತಿರುವ ವಿಚಾರವು 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಾಗ, ಅಂತಹ ಐಚ್ಛಿಕ ಶುಲ್ಕವನ್ನೂ ಯಾವ ಪರಿಷತ್ತೂ ಪಡೆಯಕೂಡದು ಎಂಬ ನಿರ್ದೇಶನ ಬಂದಿತು.

ಈ ತೀರ್ಪಿನ ಬಗ್ಗೆ ನಮ್ಮ ವಕೀಲರ ನಡುವೆ ನಡೆದ ಚರ್ಚೆ ಹೆಚ್ಚಾಗಿ ಮೊತ್ತದ ಸುತ್ತಲೇ ಉಳಿಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಾಬ್ತಿನ ಪ್ರಶ್ನೆ. ಹತ್ತು ಬಾಬ್ತುಗಳನ್ನು ಒಂದೇ ಚಲನ್‌ನಲ್ಲಿ ಸೇರಿಸಿ ವಸೂಲು ಮಾಡಿದಾಗ, ಗ್ರಂಥಾಲಯಕ್ಕೆಂದು ಕೊಟ್ಟ ಹಣ ಪುಸ್ತಕಕ್ಕೇ ಹೋಯಿತೇ, ಕಲ್ಯಾಣ ನಿಧಿಗೆಂದು ಕೊಟ್ಟದ್ದು ಕಚೇರಿಯ ಸಂಬಳಕ್ಕೆ ಹೋಯಿತೇ ಎಂದು ಕೇಳಲು ಸದಸ್ಯನಿಗೆ ಆಧಾರವೇ ಇರುವುದಿಲ್ಲ. ಕಾಯ್ದೆಯ ಆಶಯ ಹೀಗಿಲ್ಲ. ಬಡ ಮತ್ತು ಅಂಗವಿಕಲ ವಕೀಲರ ನೆರವು, ಕಾನೂನು ನೆರವು ಮತ್ತು ಗ್ರಂಥಾಲಯಗಳ ಸ್ಥಾಪನೆಗಾಗಿ ನಿಧಿಗಳನ್ನು ರಚಿಸಲು 6ನೇ ಕಲಮು ಅವಕಾಶ ಕೊಡುತ್ತದೆ. ಆ ಉದ್ದೇಶಗಳಿಗೆ ಬಂದ ದೇಣಿಗೆಯನ್ನು ಆಯಾ ನಿಧಿಗೇ ಜಮಾ ಮಾಡಬೇಕೆಂದೂ ವಿಧಿಸುತ್ತದೆ. 12ನೇ ಕಲಮಿನ ಪ್ರಕಾರ ಪರಿಷತ್ತು ಲೆಕ್ಕಪರಿಶೋಧನೆ ಮಾಡಿಸಿ, ವರದಿಯೊಂದಿಗೆ ಲೆಕ್ಕವನ್ನು ಭಾರತೀಯ ವಕೀಲರ ಪರಿಷತ್ತಿಗೆ ಕಳುಹಿಸಿ, ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ದಾನಿಯ ಹಣಕ್ಕೆ ಇರುವ ಈ ಶಿಸ್ತು ಸದಸ್ಯನ ಹಣಕ್ಕೂ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪರಿಷತ್ತುಗಳ ವಾದವನ್ನು ತಳ್ಳಿಹಾಕುವಂತಿಲ್ಲ. 600 ಮತ್ತು 150 ರೂಪಾಯಿಗಳ ದರ ನಿಗದಿಯಾದದ್ದು 1993ರ ತಿದ್ದುಪಡಿಯಲ್ಲಿ. ಅಂದಿನ ದರದಲ್ಲಿ ಇಂದು ಕಚೇರಿ ನಡೆಸುವುದು, ಶಿಸ್ತು ಸಮಿತಿಗಳ ವಿಚಾರಣೆ ನಡೆಸುವುದು, ಪದವಿ ಪ್ರಮಾಣಪತ್ರಗಳನ್ನು ಪರಿಶೀಲಿಸುವುದು ನಿಜಕ್ಕೂ ಕಷ್ಟ. ಆದರೆ ಅದಕ್ಕೆ ಪರಿಹಾರ ಸಂಸತ್ತಿನ ತಿದ್ದುಪಡಿಯೇ ಹೊರತು, ಇನ್ನೂ ಒಂದು ಪೈಸೆ ಸಂಪಾದಿಸದ, ಮನೆಯವರ ಸಾಲದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಂದ ಪ್ರವೇಶದ ಬಾಗಿಲಿನಲ್ಲೇ ಇಡೀ ಸಂಸ್ಥೆಯ ವೆಚ್ಚವನ್ನು ವಸೂಲು ಮಾಡುವುದಲ್ಲ. ನೋಂದಣಿಯ ನಂತರ ವಕೀಲರಿಗೆ ನೀಡುವ ಸೇವೆಗಳಿಗೆ ತಕ್ಕ ಶುಲ್ಕ ಪಡೆಯುವ ದಾರಿಯನ್ನು ತೀರ್ಪು ಮುಚ್ಚಿಲ್ಲ.

ತಾಲ್ಲೂಕು ಮತ್ತು ಜಿಲ್ಲಾ ವಕೀಲರ ಸಂಘಗಳ ಮಾತು ಬೇರೆ. ಅಲ್ಲಿ ಸೇರುವುದು ನಮ್ಮ ಇಷ್ಟ, ವಂತಿಗೆಯೂ ಚಿಕ್ಕದು. ಸಹಕಾರಕ್ಕಾಗಿ ಕಟ್ಟಿಕೊಂಡ ಸಂಸ್ಥೆಗಳಾದ್ದರಿಂದ ಲೆಕ್ಕ ಕೇಳುವುದನ್ನು ಅನೇಕರು ಅಪನಂಬಿಕೆ ಎಂದು ತಿಳಿಯುತ್ತಾರೆ. ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿತವಾದ ಯಾವುದೇ ಸಂಘ ವಾರ್ಷಿಕ ಮಹಾಸಭೆ ನಡೆಸಿ, ಪರಿಶೋಧಿತ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಲೆಕ್ಕಪರಿಶೋಧಕರು ನೋಡುವುದು ಖರ್ಚಿಗೆ ವೋಚರ್ ಇದೆಯೇ ಎಂದು. ಆ ಖರ್ಚು ಬೇಕಿತ್ತೇ ಎಂದು ಕೇಳಬೇಕಾದವರು ಸದಸ್ಯರು, ಕೇಳಬೇಕಾದ ಸ್ಥಳ ಮಹಾಸಭೆ. ನಿವೃತ್ತ ನ್ಯಾಯಾಧೀಶರ ಸನ್ಮಾನಕ್ಕೆ ಶಾಲು, ಪೇಟ, ಹಣ್ಣಿನ ತಟ್ಟೆಗೆ ವೆಚ್ಚವಾಗುವುದು ನನಗೆ ತಪ್ಪೆನಿಸುವುದಿಲ್ಲ. ಅದು ವೃತ್ತಿಯ ಗೌರವಕ್ಕೆ ಸೇರಿದ್ದು. ಮಹಿಳಾ ವಕೀಲರ ಕೊಠಡಿಗೆ ಶೌಚಾಲಯವಿಲ್ಲದ ವರ್ಷವೇ ವಾರ್ಷಿಕೋತ್ಸವದ ಶಾಮಿಯಾನ ದೊಡ್ಡದಾದರೆ, ಕಾನೂನು ವರದಿಗಳ ಚಂದಾ ನಿಂತುಹೋಗಿ ಕಿರಿಯರು ತೀರ್ಪುಗಳಿಗಾಗಿ ಹಿರಿಯರ ಕಚೇರಿಗಳಿಗೆ ಅಲೆಯುವಂತಾದರೆ, ಆಗ ಆದ್ಯತೆ ತಪ್ಪಿದೆ ಎಂದೇ ಹೇಳಬೇಕು.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು ಮರಣ ಪರಿಹಾರ ಮತ್ತು ವೈದ್ಯಕೀಯ ನೆರವಿನ ಹಣದಲ್ಲಿ. ವಕಾಲತ್ತಿಗೆ ನಾವು ಅಂಟಿಸುವ ಕಲ್ಯಾಣ ನಿಧಿ ಸ್ಟ್ಯಾಂಪಿನ ಹಿಂದೆ 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆ ಇದೆ. ಸಂಘಗಳು ತಾವಾಗಿಯೇ ಕೂಡಿಡುವ ನೆರವಿನ ಹಣಕ್ಕೆ ಹಾಗೆ ಪ್ರತ್ಯೇಕ ಕಾಯ್ದೆಯ ಕಾವಲಿಲ್ಲ. ಆದ್ದರಿಂದ ಅದು ದಿನದ ಖರ್ಚಿನ ಖಾತೆಯಿಂದ ಬೇರೆಯಾಗಿ, ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಅದರಿಂದ ತಾತ್ಕಾಲಿಕವಾಗಿಯೂ ಸಾಲ ತೆಗೆಯಬಾರದೆಂದು ಉಪವಿಧಿಯಲ್ಲೇ ಬರೆಯಬೇಕು. ಮುಂದಿನ ಮಹಾಸಭೆಯ ನೋಟಿಸಿನ ಜೊತೆಗೇ, ಸಭೆಗೆ ಕನಿಷ್ಠ ಒಂದು ವಾರ ಮೊದಲು, ಈ ಖಾತೆಯ ಜಮಾ ಖರ್ಚಿನ ಪ್ರತಿ ಪ್ರತಿಯೊಬ್ಬ ಸದಸ್ಯರ ಕೈಸೇರಬೇಕೆಂದು ನಮ್ಮ ಸಂಘದ ಪದಾಧಿಕಾರಿಗಳನ್ನು ನಾನು ವಿನಂತಿಸುತ್ತೇನೆ.