ಎಟೋಶಾ ದಿನಚರಿ: ಟೆಂಟಿನವರಿಗೂ ಅದೇ ಘೇಂಡಾಮೃಗ

ಜುಲೈ 14, 2024, ಭಾನುವಾರ
ಒಕೌಕುಯೊ ಕ್ಯಾಂಪ್, ಎಟೋಶಾ ರಾಷ್ಟ್ರೀಯ ಉದ್ಯಾನ, ನಮೀಬಿಯಾ

ಇಲ್ಲಿನ ನೆಲ ಸುಣ್ಣದಕಲ್ಲು. ಟೆಂಟಿನ ಗೂಟ ಇಳಿಯುವುದೇ ಇಲ್ಲ, ಹೊಡೆದಷ್ಟೂ ಬಗ್ಗುತ್ತದೆ. ಪಕ್ಕದ ಟೆಂಟಿನ ಅಜ್ಜ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸುಮ್ನೆ ಎದ್ದು ಬಂದು ತಮ್ಮ ದಪ್ಪ ಕಬ್ಬಿಣದ ಗೂಟಗಳನ್ನೂ ಸುತ್ತಿಗೆಯನ್ನೂ ಕೊಟ್ಟು ಹೋದರು. ದಕ್ಷಿಣ ಆಫ್ರಿಕಾದವರಂತೆ. ವರ್ಷಾ ವರ್ಷಾ ಬರುತ್ತಾರಂತೆ.

ಆಫ್ರಿಕಾ ಸಫಾರಿ ಅಂದ ಕೂಡಲೇ ಲಕ್ಷಗಟ್ಟಲೆ ದುಡ್ಡಿನ ಲಾಡ್ಜ್, ತೆರೆದ ಜೀಪು, ಗೈಡು ನೆನಪಾಗುತ್ತವೆ ಅಲ್ವಾ? ನಮ್ಮದು ಬಾಡಿಗೆಯ ಚಿಕ್ಕ ಕಾರು. ರಾಜಧಾನಿ ವಿಂಡ್‌ಹುಕ್‌ನಿಂದ ಇಲ್ಲಿವರೆಗೂ ಡಾಂಬರು ರಸ್ತೆ, ನಮ್ಮೂರಿನ ಹಾಗೇ ಎಡಗಡೆ ಓಡಿಸುವುದು. ಉದ್ಯಾನದೊಳಗೆ ಬಿಳಿ ಧೂಳಿನ ಜಲ್ಲಿರಸ್ತೆ ಇದ್ದರೂ ನಿಧಾನಕ್ಕೆ ಹೋದರೆ ಚಿಕ್ಕ ಕಾರೇ ಸಾಕು. ಬಂಡೀಪುರದಲ್ಲಿ ಸ್ವಂತ ಕಾರಿನಲ್ಲಿ ಹೀಗೆ ಕಾಡು ಸುತ್ತೋಕೆ ಬಿಡ್ತಾರಾ! ಕಾರಿನಿಂದ ಇಳಿಯುವ ಹಾಗಿಲ್ಲ, ಸೂರ್ಯ ಮುಳುಗುವ ಮೊದಲು ಕ್ಯಾಂಪಿನ ಗೇಟಿನೊಳಗೆ ಇರಬೇಕು, ಅಷ್ಟೇ. ದಿನಸಿ ಔಟ್ಯೊ ಪಟ್ಟಣದಲ್ಲೇ ತಗೊಂಡೆವು. ರವೆ, ಚಟ್ನಿಪುಡಿ ಮಾತ್ರ ಮನೆಯದು.

ಈಗ ಇಲ್ಲಿ ಚಳಿಗಾಲ. ತಿಂಗಳುಗಟ್ಟಲೆ ಮಳೆಯಿಲ್ಲ. ಪ್ರಾಣಿಗಳು ನೀರಿಗೆ ಬರಲೇಬೇಕು, ಹಾಗಾಗಿ ಹುಡುಕಿಕೊಂಡು ಅಲೆಯುವುದಕ್ಕಿಂತ ಹೊಂಡದ ಹತ್ತಿರ ಕಾಯುವುದೇ ವಾಸಿ. ಮಧ್ಯಾಹ್ನ ನೆಬ್ರೌನಿ ಹೊಂಡದಲ್ಲಿ ಆನೆಗಳ ಹಿಂಡು ನಿಂತಿತ್ತು. ಬಿಳಿ ಮಣ್ಣು ಎರಚಿಕೊಂಡು ಸುಣ್ಣ ಬಳಿದ ಗೋಡೆ ಥರ ಕಾಣುತ್ತಿದ್ದವು.

ಆದರೆ ನಿಜವಾದ ಮಜಾ ರಾತ್ರಿ. ಕ್ಯಾಂಪಿನ ಅಂಚಿನಲ್ಲೇ ಒಂದು ಹೊಂಡವಿದೆ. ಅದಕ್ಕೆ ರಾತ್ರಿಯಿಡೀ ದೀಪ, ನಮಗೂ ಅದಕ್ಕೂ ನಡುವೆ ಒಂದು ಗಿಡ್ಡ ಕಲ್ಲಿನ ಗೋಡೆ. ದುಬಾರಿ ರೂಮಿನವರೂ ಟೆಂಟಿನವರೂ ಅದೇ ಬೆಂಚಿನ ಮೇಲೆ ಕೂರಬಹುದು. ಸ್ವೆಟರಿನ ಮೇಲೆ ಕಂಬಳಿ ಹೊದ್ದು ಕೂತಿದ್ದೆವು. ಒಂಬತ್ತು ದಾಟಿದ ಮೇಲೆ ಕಪ್ಪು ಘೇಂಡಾಮೃಗ ಬಂತು, ಹಿಂದೆ ಮರಿ. ನೇರ ನೀರಿಗೆ ಇಳಿಯಲಿಲ್ಲ. ನಿಂತಿತು, ಎರಡೂ ಕಿವಿಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸಿತು, ಬುಸ್ ಎಂದು ಉಸಿರು ಬಿಟ್ಟಿತು. ಆಮೇಲೆ ಕುಡಿಯಿತು. ಚೂಪು ಮೇಲ್ದುಟಿಯಿಂದ ನೀರು ತೊಟ್ಟಿಕ್ಕುವುದೂ ಕಂಡಿತು. ಅಷ್ಟರಲ್ಲಿ ಯಾರದೋ ಫೋನು ಬಡಿದುಕೊಂಡಿತು. ಎಲ್ಲರೂ ತಿರುಗಿ ದುರುಗುಟ್ಟಿದರು, ಘೇಂಡಾಮೃಗ ಮಾತ್ರ ಕ್ಯಾರೇ ಅನ್ನಲಿಲ್ಲ.

ಟೆಂಟಿಗೆ ವಾಪಸ್ ಬಂದರೆ ಒಲೆಯ ಹತ್ತಿರ ಕಪ್ಪು ಬೆನ್ನಿನ ನರಿ! ಉಪ್ಪಿಟ್ಟಿನ ಪಾತ್ರೆಯ ತಳ ನೆಕ್ಕುತ್ತಿತ್ತು. ಗದರಿದರೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ಕೂತಿತು. ಶೂಗಳನ್ನೂ ಕಚ್ಚಿಕೊಂಡು ಹೋಗುತ್ತವಂತೆ, ಅವನ್ನೂ ಟೆಂಟಿನೊಳಗೆ ಹಾಕಿದ್ದಾಯಿತು.

ಲಾಡ್ಜ್ ಬಿಟ್ಟಿದ್ದಕ್ಕೆ ಉಳಿದ ದುಡ್ಡಲ್ಲಿ ಇನ್ನೂ ಕೆಲವು ರಾತ್ರಿ ಜಾಸ್ತಿ ಇರಬಹುದು. ನಾಳೆ ಹಲಾಲಿ ಕ್ಯಾಂಪಿಗೆ. ಅಲ್ಲಿ ತರಕರಡಿಗಳು (ಹನಿ ಬ್ಯಾಜರ್) ರಾತ್ರಿ ಕಸದ ಡಬ್ಬಿ ಬೀಳಿಸಿ ತಿನ್ನುತ್ತವೆ, ಚಟ್ನಿಪುಡಿ ಕಾರಿನಲ್ಲೇ ಇಟ್ಟು ಬೀಗ ಹಾಕಿ ಅಂತ ಅಜ್ಜ ಹೇಳಿದ್ದಾರೆ. ರುಚಿ ನೋಡಿದ ಮೇಲೆ ಒಂದು ಪೊಟ್ಟಣ ಅವರೇ ಇಸ್ಕೊಂಡರು.