ಕುರ್ಚಿ ಬಿಟ್ಟು ಏಳುವ ಅಭ್ಯಾಸ

ಪ್ರೋಗ್ರಾಮಿಂಗ್ ಸ್ಪರ್ಧೆಗೆ ನಾನು ತಯಾರು ಮಾಡುತ್ತಿರುವ ಈ ಸಲದ ತಂಡದಲ್ಲಿ ಒಬ್ಬಳಿದ್ದಾಳೆ, ಕೀಬೋರ್ಡ್ ಮುಂದೆ ಕೂತರೆ ಏಳುವವಳಲ್ಲ. ಕಳೆದ ಶನಿವಾರದ ಅಭ್ಯಾಸದಲ್ಲಿ ಒಂದೇ ಪ್ರಾಬ್ಲಮ್ ಹಿಡಿದು 70 ನಿಮಿಷ ಕೂತಳು. ಉಳಿದಿಬ್ಬರು ಒಂದೊಂದು ಪ್ರಾಬ್ಲಮ್ ಬಿಡಿಸಿ ಹಾಳೆಯಲ್ಲಿ ಬರೆದಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಪಕ್ಕದಲ್ಲಿ ನಿಂತಿದ್ದರು. ‘ಏಳು’ ಅನ್ನೋಕೆ ಇಬ್ಬರಿಗೂ ಸಂಕೋಚ. ನಾನು ಬೇಕಂತಲೇ ಸುಮ್ಮನಿದ್ದೆ.

ಐಸಿಪಿಸಿ, ಅಂದರೆ ಕಾಲೇಜು ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ; ಆ ಮಾದರಿಯ ಸ್ಪರ್ಧೆಯಲ್ಲಿ ಮೂವರಿಗೆ ಒಂದೇ ಕಂಪ್ಯೂಟರ್. ಐದು ಗಂಟೆ, ಹತ್ತು ಹನ್ನೆರಡು ಪ್ರಾಬ್ಲಮ್. ಆಲ್ಗರಿದಮ್, ಅಂದರೆ ಪ್ರಾಬ್ಲಮ್ ಬಿಡಿಸುವ ವಿಧಾನ, ಕಲಿಸೋದು ನನಗೆ ಕಷ್ಟವಲ್ಲ. ಆಸಕ್ತಿ ಇರುವವರು ನಾನಿಲ್ಲದೆಯೂ ಕಲಿಯುತ್ತಾರೆ. ಆ ಒಂದು ಕುರ್ಚಿಯನ್ನು ಹಂಚಿಕೊಳ್ಳೋದನ್ನು ಕಲಿಸೋಕೆ ಮಾತ್ರ ತಿಂಗಳುಗಳು ಬೇಕು. ಒಬ್ಬೊಬ್ಬರೇ ಆಡಿದರೆ ಮಿಂಚುವ ಮೂವರನ್ನು ಒಟ್ಟಿಗೆ ಹಾಕಿ ಒಂದು ವರ್ಷ ಕೈಸುಟ್ಟುಕೊಂಡಿದ್ದೇನೆ. ಮೂವರಿಗೂ ಟೈಪ್ ಮಾಡೋದೇ ಬೇಕಿತ್ತು.

ಅಭ್ಯಾಸ ಮುಗಿದ ಮೇಲೆ ಅವಳ ಕೋಡ್ ಪ್ರಿಂಟ್ ತೆಗೆದು ತಂಡದ ಇನ್ನೊಬ್ಬ ಹುಡುಗನ ಕೈಗೆ ಕೊಟ್ಟೆ. ನಾಲ್ಕೇ ನಿಮಿಷದಲ್ಲಿ ತಪ್ಪು ಹಿಡಿದ. ಕೂಡಿಸಬೇಕಾದದ್ದು ಎರಡು ಲಕ್ಷ ಸಂಖ್ಯೆ, ಒಂದೊಂದೂ ನೂರು ಕೋಟಿವರೆಗೆ ಇರಬಹುದು. ಮೊತ್ತವನ್ನು ಇಂಟ್ ಅನ್ನೋ ಸಣ್ಣ ಪೂರ್ಣಾಂಕದ ಜಾಗದಲ್ಲಿ ಇಟ್ಟಿದ್ದಳು. ಅದು ಹಿಡಿಸೋದು 2147483647ರವರೆಗೆ, ಅಂದರೆ ಮೂರನೇ ಸಂಖ್ಯೆ ಕೂಡಿಸುವಾಗಲೇ ಉಕ್ಕಿಹೋಗಬಹುದು. ಪ್ರಶ್ನೆಯ ಜೊತೆ ಕೊಟ್ಟ ಉದಾಹರಣೆಯಲ್ಲಿ ಸಣ್ಣ ಸಂಖ್ಯೆಗಳೇ ಇದ್ದದ್ದರಿಂದ ಅಲ್ಲಿ ಉತ್ತರ ಸರಿ ಬರುತ್ತಿತ್ತು. ಅವಳು ತಲೆ ತಗ್ಗಿಸಿದಳು. ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಲಾಂಗ್ ಗೊತ್ತಿಲ್ಲದವಳೇನಲ್ಲ, ಪರದೆಯನ್ನೇ ದಿಟ್ಟಿಸುತ್ತಾ ಕೂತರೆ ಕಣ್ಣು ತನ್ನ ತಪ್ಪನ್ನು ತಾನೇ ದಾಟಿ ಹೋಗುತ್ತದೆ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು: ಕಳಿಸಿದ ಕೋಡ್‌ಗೆ ‘ರಾಂಗ್ ಆನ್ಸರ್’ ಅನ್ನೋ ತೀರ್ಪು ಬಂದು ಐದು ನಿಮಿಷದಲ್ಲಿ ಕಾರಣ ಸಿಗದಿದ್ದರೆ ಪ್ರಿಂಟ್ ಕೊಟ್ಟು ಏಳಬೇಕು. ತಪ್ಪು ಹುಡುಕೋದು ಹಾಳೆಯ ಮೇಲೆ, ಪೆನ್ನು ಹಿಡಿದು. ‘ಸರ್, ಇನ್ನೆರಡೇ ನಿಮಿಷ’ ಅನ್ನೋ ಮಾತಿಗೆ ಬೆಲೆಯಿಲ್ಲ.

ಕಲಿಸಬೇಕಾದ ಇನ್ನೊಂದು ವಿಷಯ, ಪೆನಾಲ್ಟಿ ಲೆಕ್ಕ. ಮೊದಲು ನೋಡೋದು ಎಷ್ಟು ಪ್ರಾಬ್ಲಮ್ ಬಿಡಿಸಿದರು ಅನ್ನೋದನ್ನು. ಸಮ ಬಂದರೆ ಸಮಯ. ಸ್ಪರ್ಧೆ ಶುರುವಾಗಿ ಎಷ್ಟನೇ ನಿಮಿಷಕ್ಕೆ ಒಂದೊಂದು ಪ್ರಾಬ್ಲಮ್ ಸರಿಯಾಯಿತೋ ಆ ನಿಮಿಷಗಳನ್ನು ಕೂಡಿಸಿ, ಅದಕ್ಕೆ ಮುಂಚಿನ ಪ್ರತಿ ತಪ್ಪು ಸಬ್ಮಿಟ್‌ಗೆ 20 ನಿಮಿಷ ಸೇರಿಸುತ್ತಾರೆ. ಬೋರ್ಡ್ ಮೇಲೆ ಬರೆದು ತೋರಿಸಿದೆ: ಒಂದಕ್ಕೆ 10 ನಿಮಿಷ ಟೈಪಿಂಗ್, ಇನ್ನೊಂದಕ್ಕೆ 40. ಚಿಕ್ಕದು ಮೊದಲಾದರೆ 10 ಮತ್ತು 50, ಒಟ್ಟು 60. ದೊಡ್ಡದು ಮೊದಲಾದರೆ 40 ಮತ್ತು 50, ಒಟ್ಟು 90. ಕೆಲಸ ಅಷ್ಟೇ, 30 ನಿಮಿಷ ದಂಡ. ಆಪರೇಟಿಂಗ್ ಸಿಸ್ಟಮ್ ಪರೀಕ್ಷೆಯಲ್ಲಿ ‘ಚಿಕ್ಕ ಕೆಲಸ ಮೊದಲು’ ಅನ್ನೋ ಇದೇ ಶೆಡ್ಯೂಲಿಂಗ್ ಬರೆದು ಅಂಕ ತೆಗೆದವರು, ಕುರ್ಚಿಗಾಗಿ ಜಗಳ ಬಂದಾಗ ಮರೆತೇಬಿಡುತ್ತಾರೆ! ಕೊನೆಗೂ ಬಿಡಿಸಲಾಗದ ಪ್ರಾಬ್ಲಮ್‌ನ ತಪ್ಪುಗಳಿಗೆ ದಂಡವೇ ಇಲ್ಲ ಅನ್ನೋದೂ ಅರ್ಧ ಜನಕ್ಕೆ ತಲೆಗೆ ಹೋಗಿರೋದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಹೆದರಿ ಕೈಕಟ್ಟಿ ಕೂರುತ್ತಾರೆ.

ಪ್ರಾಬ್ಲಮ್‌ಗಳು ಸುಲಭದಿಂದ ಕಷ್ಟಕ್ಕೆ ಜೋಡಿಸಿರೋದಿಲ್ಲ, ಹಾಗಾಗಿ ಶುರುವಿನಲ್ಲಿ ಒಬ್ಬರು ಮುಂದಿನಿಂದ, ಒಬ್ಬರು ನಡುವಿನಿಂದ, ಒಬ್ಬರು ಹಿಂದಿನಿಂದ ಓದುತ್ತಾರೆ. ಓದಿದ್ದನ್ನು ಬಾಯಿಬಿಟ್ಟು ಹೇಳಬೇಕು. ಕೇಳುವವರು ‘ಸೊನ್ನೆ ಬಂದರೆ?’ ಅಂತ ಕೇಳಲೇಬೇಕು.

ನಿನ್ನೆಯ ಅಭ್ಯಾಸದಲ್ಲಿ ಮೂರನೇ ಗಂಟೆಗೆ ಅವಳಿಗೆ ರಾಂಗ್ ಆನ್ಸರ್ ಬಂತು. ಗಡಿಯಾರ ನೋಡಿದಳು, ತುಟಿ ಕಚ್ಚಿದಳು, ಪ್ರಿಂಟ್ ಕೊಟ್ಟು ಎದ್ದಳು. ಮತ್ತೊಬ್ಬ ತಕ್ಷಣ ಕೂತ. ಪ್ರಿಂಟರಿನಲ್ಲಿ ಹಾಳೆ ಮುಗಿದಿತ್ತು. ತುಂಬಿಡಬೇಕಾಗಿದ್ದವನು ನಾನೇ.