ಶೇಂಗಾ ಚಟ್ನಿಪುಡಿಯಲ್ಲಿ ಅಫ್ಲಾಟಾಕ್ಸಿನ್: ಲೇಬಲ್ ಸ್ಟ್ಯಾಂಡರ್ಡ್ ಯಾವ ಹಂತದಲ್ಲಿ ಹಾಕೋದು?

ಬೂಸ್ಟಿನಿಂದ ಶೇಂಗಾದಲ್ಲಿ ಸೇರುವ ವಿಷ ಅಫ್ಲಾಟಾಕ್ಸಿನ್. ಅದನ್ನು ಅಳೆಯುವ ನಮ್ಮ ವಿಧಾನ ಬರೀ ಹುರಿದ ಶೇಂಗಾದ ಮಟ್ಟಿಗೆ ಒಂದು ಹದಕ್ಕೆ ಬಂದಿದೆ. ಈಗ ಚಟ್ನಿಪುಡಿಯ ಸರದಿ, ಇದರ ಕಾಟವೇ ಬೇರೆ. ಶೇಂಗಾ ಎಣ್ಣೆ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಬೆಳ್ಳುಳ್ಳಿ ಎಲ್ಲ ಸೇರಿ, ಅಸಿಟೋನೈಟ್ರೈಲ್-ನೀರಿನಲ್ಲಿ ಅಲ್ಲಾಡಿಸಿ ಸೋಸಿದರೆ ಕಿತ್ತಳೆ ಬಣ್ಣದ ದ್ರಾವಣ ಬರುತ್ತದೆ. ಅದನ್ನು ಎಲ್‌ಸಿ-ಎಂಎಸ್‌ಗೆ (ಪದಾರ್ಥಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಅಯಾನು ಮಾಡಿ ತೂಗುವ ಯಂತ್ರ) ಕೊಟ್ಟರೆ ಅಫ್ಲಾಟಾಕ್ಸಿನ್‌ಗಳಲ್ಲಿ ಒಂದಾದ ಬಿ1ರ ಪೀಕ್ ಕುಗ್ಗುತ್ತದೆ. ಹಾಗಂತ ವಿಷ ಕಡಿಮೆಯಿದೆ ಎಂದಲ್ಲ. ಜೊತೆಗೆ ಬಂದ ಸರಕು ಅದನ್ನು ಅಯಾನು ಆಗಲು ಬಿಡುತ್ತಿಲ್ಲ.

ಕಾರ್ಬನ್-13 ಲೇಬಲ್, ಅಂದರೆ ಗೊತ್ತಿರುವ ಪ್ರಮಾಣದಲ್ಲಿ ಹೋಲಿಕೆಗೆಂದು ಬೆರೆಸುವ ಭಾರದ ಬಿ1, ತರಿಸಿದ್ದು ಇದಕ್ಕೇ. ಅದರ 17 ಕಾರ್ಬನ್‌ಗಳೂ ಭಾರದವು. ಯಂತ್ರದ ತೂಕದ ಅಳತೆಯಲ್ಲಿ ಸಾಮಾನ್ಯ ಬಿ1 313ರಲ್ಲಿ ಕಂಡರೆ ಇದು 330ರಲ್ಲಿ ಕಾಣುತ್ತದೆ. ಕಾಲಂನಿಂದ ಎರಡೂ ಒಂದೇ ಹೊತ್ತಿಗೆ ಇಳಿಯುವುದರಿಂದ ಮೆಣಸಿನಕಾಯಿ ಒಂದನ್ನು ಎಷ್ಟು ಅದುಮಿದರೆ ಇನ್ನೊಂದನ್ನೂ ಅಷ್ಟೇ ಅದುಮುತ್ತದೆ, ಅನುಪಾತ ಕದಲುವುದಿಲ್ಲ. ಡ್ಯೂಟೇರಿಯಂ (ಭಾರದ ಹೈಡ್ರೋಜನ್) ಲೇಬಲ್‌ಗಳು ಕೆಲವೊಮ್ಮೆ ತುಸು ಮೊದಲೇ ಇಳಿದುಬಿಡುತ್ತವೆ, ಹಾಗಾಗಿ ಆ ಕಡೆ ಹೋಗಲಿಲ್ಲ.

ತಲೆ ಕೆಡಿಸಿದ್ದು ಬೆಲೆ. ಲೇಬಲ್ ಬರುವ ಪುಟ್ಟ ಗಾಜಿನ ಸೀಸೆ, ಅಂದರೆ ನಮ್ಮ ಆಂಪೂಲ್‌ನಲ್ಲಿರುವುದು 1.2 ಮಿ.ಲೀ., ಮಿ.ಲೀ.ಗೆ 0.5 ಮೈಕ್ರೋಗ್ರಾಂ. 25 ಗ್ರಾಂ ಪುಡಿಗೆ 100 ಮಿ.ಲೀ. ದ್ರಾವಕ ಹಾಕುವ ಮೊದಲೇ ಲೇಬಲ್ ಬೆರೆಸಿ, ಮಿ.ಲೀ.ಗೆ 1 ನ್ಯಾನೋಗ್ರಾಂ ಬರಬೇಕೆಂದರೆ ಒಂದು ಸ್ಯಾಂಪಲ್‌ಗೆ 0.2 ಮಿ.ಲೀ. ಬೇಕು. ಆರು ಸ್ಯಾಂಪಲ್‌ಗೆ ಆಂಪೂಲ್ ಖಾಲಿ! ಪುಡಿಯನ್ನೇ 2 ಗ್ರಾಂಗೆ ಇಳಿಸೋಣವೆಂದರೆ, ಬೂಸ್ಟು ಹಿಡಿದ ಒಂದೆರಡು ಬೀಜವೇ ಇಡೀ ಲೆಕ್ಕ ಏರುಪೇರು ಮಾಡುವ ಪದಾರ್ಥ ಇದು. ಅಷ್ಟು ಚಿಕ್ಕ ಪ್ರಮಾಣದ ಮೇಲೆ ನನಗೆ ನಂಬಿಕೆಯಿಲ್ಲ.

ಆದ್ದರಿಂದ ಲೇಬಲ್ ಅನ್ನು ಯಂತ್ರಕ್ಕೆ ಇಡುವ ಕೊನೆಯ ಪುಟ್ಟ ಸೀಸೆಯಲ್ಲೇ (ವೈಯಲ್) ಹಾಕುವುದೆಂದು ತೀರ್ಮಾನ. ಹತ್ತು ಪಟ್ಟು ತೆಳುಮಾಡಿದ ಲೇಬಲ್ 10 ಮೈಕ್ರೋಲೀಟರ್, ಸೋಸಿದ ದ್ರಾವಣ 490. ಯುರೋಪಿನಲ್ಲಿ ನೇರವಾಗಿ ತಿನ್ನುವ ಶೇಂಗಾಕ್ಕೆ ಬಿ1 ಮಿತಿ ಕಿಲೋಗೆ 2 ಮೈಕ್ರೋಗ್ರಾಂ; ನಮ್ಮ ದ್ರಾವಣದಲ್ಲಿ ಅದು ಮಿ.ಲೀ.ಗೆ 0.5 ನ್ಯಾನೋಗ್ರಾಂ ಆಗುತ್ತದೆ, ಲೇಬಲ್ ಪ್ರಮಾಣಕ್ಕೆ ಹತ್ತಿರವೇ. ವೈಯಲ್‌ಗಳು ಕಂದು ಗಾಜಿನವು, ಆಮ್ಲದಲ್ಲಿ ತೊಳೆದವು. ನೀರು ಹೆಚ್ಚಿದ್ದರೆ ಅಫ್ಲಾಟಾಕ್ಸಿನ್ ಗಾಜಿಗೇ ಅಂಟಿಕೊಳ್ಳುತ್ತದೆ.

ಈ ದಾರಿಯಲ್ಲಿ ಒಂದು ಕೊರತೆ ಉಂಟು: ಪುಡಿಯಿಂದ ವಿಷ ಪೂರ್ತಿ ಹೊರಬಂತೋ ಇಲ್ಲವೋ ಎಂಬುದನ್ನು ಲೇಬಲ್ ಹೇಳುವುದಿಲ್ಲ. ಅದಕ್ಕೆ ರಿಕವರಿ (ಬೆರೆಸಿದ ವಿಷದಲ್ಲಿ ಎಷ್ಟು ವಾಪಸ್ ಸಿಕ್ಕಿತು ಎಂಬುದು) ಬೇರೆಯಾಗಿಯೇ ನೋಡಬೇಕು, ರಿಕವರಿಗೆ ವಿಷವಿಲ್ಲದ ಚಟ್ನಿಪುಡಿ ಬೇಕು. ಅಂಗಡಿಯದ್ದರ ಮೇಲೆ ಭರವಸೆ ಸಾಲದು. ಕೈಯಲ್ಲೇ ಆರಿಸಿದ ಬೀಜ ಹುರಿದು, ಸಿಪ್ಪೆ ತೆಗೆದು, ಲ್ಯಾಬ್‌ನಲ್ಲೇ ಕುಟ್ಟುತ್ತಿದ್ದೇವೆ. ಮೆಣಸಿನಕಾಯಿಯನ್ನೂ ಮೊದಲು ಪರೀಕ್ಷಿಸಬೇಕು, ಅದರಲ್ಲೂ ಅಫ್ಲಾಟಾಕ್ಸಿನ್ ಇರಬಹುದು. ಮುಂದಿನ ಕೆಲಸ: ಈ ಪುಡಿಗೆ ಎರಡು ಮಟ್ಟದಲ್ಲಿ ಬಿ1 ಸ್ಪೈಕ್ ಮಾಡಿ (ಗೊತ್ತಿರುವಷ್ಟು ಬೆರೆಸಿ), ಒಂದು ರಾತ್ರಿ ಬಿಟ್ಟು, ಎಷ್ಟು ವಾಪಸ್ ಬರುತ್ತದೆ ನೋಡುವುದು.